ಗಾಳಿ ಖಾಲಿಯಾದರೆ ಲಾರಿ ಬ್ರೇಕ್ ಹಿಡಿಯುತ್ತಾ, ಬಿಡುತ್ತಾ?

ಪ್ರಶ್ನೆ: ಆರು ತಿಂಗಳಿಂದ ಹತ್ತು ಚಕ್ರದ ಲಾರಿ ಓಡಿಸುತ್ತಿದ್ದೇನೆ, ಹಾಸನದಿಂದ ಮಂಗಳೂರಿಗೆ ಲೋಡು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗಾಳಿ ತುಂಬುವವರೆಗೆ ಗಾಡಿ ಕದಲುವುದಿಲ್ಲ. ಹಾಗಾಗಿ ಶಿರಾಡಿ ಘಾಟಿಯಲ್ಲಿ ಗಾಳಿ ಹೋದರೂ ಬ್ರೇಕ್ ತಾನಾಗೇ ಹಿಡಿಯುತ್ತೆ, ಭಯ ಬೇಡ ಅಂತಾರೆ ಜೊತೆಯವರು. ನಿಜವಾ?

ಉತ್ತರ: ಅರ್ಧ ನಿಜ. ಆ ಅರ್ಧವನ್ನು ನಂಬಿಕೊಂಡು ಘಾಟಿ ಇಳಿಯಬೇಡಿ.

ನೀವು ಕಾಲಲ್ಲಿ ಒತ್ತುವ ಬ್ರೇಕಿಗೆ ಗಾಳಿ ಬೇಕು. ಇಂಜಿನ್ ತಿರುಗಿದರೆ ಕಂಪ್ರೆಸರ್ ತಿರುಗುತ್ತದೆ, ಟ್ಯಾಂಕಿನಲ್ಲಿ ಗಾಳಿ ತುಂಬುತ್ತದೆ, ಹೆಚ್ಚಿನ ಲಾರಿಗಳಲ್ಲಿ ಒತ್ತಡ 8 ಬಾರ್ ಆಸುಪಾಸು. ಪೆಡಲ್ ಒತ್ತಿದಾಗ ಅದು ಚಕ್ರದ ಪಕ್ಕದ ಚೇಂಬರಿಗೆ ನುಗ್ಗಿ ರಾಡನ್ನು ತಳ್ಳುತ್ತದೆ, ರಾಡು ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುತ್ತದೆ, ಅದರ ಜೊತೆ ಕ್ಯಾಮ್ ತಿರುಗಿ ಲೈನರುಗಳು (ಉಜ್ಜಿ ಹಿಡಿಯುವ ಪಟ್ಟಿಗಳು) ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. 24 ಚದರ ಇಂಚಿನ ಚೇಂಬರಿಗೆ 7 ಬಾರ್ ಗಾಳಿ ಸಿಕ್ಕರೆ ರಾಡಿನ ಮೇಲೆ ಸಾವಿರ ಕಿಲೋಗೂ ಜಾಸ್ತಿ ಭಾರ ಬೀಳುತ್ತದೆ.

ಹ್ಯಾಂಡ್ ಬ್ರೇಕ್ ಇದರ ಉಲ್ಟಾ. ಹಿಂದಿನ ಚೇಂಬರುಗಳಲ್ಲಿ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ, ಗಾಳಿ ಅದನ್ನು ಅದುಮಿ ಹಿಡಿದಿರುತ್ತದೆ. ಗಾಳಿ ಇಳಿದರೆ ಸ್ಪ್ರಿಂಗ್ ಚಾಚಿ ಬ್ರೇಕ್ ಹಿಡಿಯುತ್ತದೆ. ಬೆಳಗ್ಗೆ ಗಾಡಿ ಕದಲದಿರುವುದು ಇದಕ್ಕೇ. (ಆದರೆ ಒಂದೇ ರಾತ್ರಿಗೆ ಟ್ಯಾಂಕ್ ಪೂರ್ತಿ ಖಾಲಿಯಾಗುತ್ತಿದ್ದರೆ ಎಲ್ಲೋ ಲೀಕ್ ಇದೆ, ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ ನೋಡಿ.)

ಈಗ ಘಾಟಿಗೆ ಬನ್ನಿ. ಆ ಸ್ಪ್ರಿಂಗ್ ಒತ್ತುವುದೂ ಅದೇ ಲೈನರನ್ನು, ಅದೇ ಡ್ರಮ್ಮಿಗೆ, ಅಲ್ವಾ? ಉದ್ದಕ್ಕೂ ಬ್ರೇಕ್ ಮೇಲೇ ಇಳಿದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಸಾಯುತ್ತದೆ, ರಾಡು ಇನ್ನೂ ದೂರ ಚಾಚಬೇಕಾಗುತ್ತದೆ, ಅದು ಚಾಚುವುದಕ್ಕೂ ಒಂದು ಮಿತಿ ಇದೆ. ಆಗ ಗೇಜಿನಲ್ಲಿ 8 ತೋರಿಸುತ್ತಿದ್ದರೂ ಗಾಡಿ ನಿಲ್ಲುವುದಿಲ್ಲ. ಸ್ಪ್ರಿಂಗೂ ಉಳಿಸುವುದಿಲ್ಲ.

ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬನ್ನಿ, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆಯ ದಾರಿ ಮುಚ್ಚಿ ವೇಗ ತಗ್ಗಿಸುವುದು) ಹಾಕಿ, ಗಾಡಿಯನ್ನು ಇಂಜಿನ್ ತಡೆಯಲಿ. ಸ್ಪೀಡ್ ಏರಿದಾಗ ಗಟ್ಟಿಯಾಗಿ ಒತ್ತಿ, ಇಳಿಸಿ, ಬಿಡಿ. ಸುಮ್ನೆ ಪೆಡಲ್ ಮೇಲೆ ಕಾಲಿಟ್ಟುಕೊಂಡು ಬರಬೇಡಿ. ಪದೇ ಪದೇ ತಟ್ಟಲೂ ಬೇಡಿ, ಪ್ರತಿ ಸಲ ಬಿಟ್ಟಾಗ ಬರುವ ಆ ಪುಸ್ ಸದ್ದು ನಿಮ್ಮ ಗಾಳಿ ಹೊರಗೆ ಹೋಗುವುದೇ. ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ, ಕಂಪ್ರೆಸರೂ ನಿಂತಿರುತ್ತದೆ, ಪವರ್ ಸ್ಟೀರಿಂಗೂ ಇಲ್ಲ. ಗಾಳಿ ಕಡಿಮೆಯಾಗಿ ಬಜರ್ ಕೂಗಿದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ.

ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರನ್ನು ಆಗಾಗ ಹೊರಗೆ ಬಿಡಿ, ಸ್ಲ್ಯಾಕ್ ಅಡ್ಜಸ್ಟರ್ ನೋಡಿಸಿ. ಹಿಂದಿನ ಚೇಂಬರನ್ನು ಮಾತ್ರ ರಸ್ತೆ ಬದಿಯಲ್ಲಿ ಬಿಚ್ಚಲು ಯಾರಿಗೂ ಬಿಡಬೇಡಿ. ಆ ಸ್ಪ್ರಿಂಗನ್ನು ಬೋಲ್ಟಿನಿಂದ ಕಟ್ಟದೆ ಬಿಚ್ಚಿದರೆ ಅದು ಸಿಡಿದು ಎದುರಿಗಿದ್ದವರ ಜೀವ ತೆಗೆಯಬಲ್ಲದು.