ಇನ್ನೂ ಮುಗಿಯದ 18+ ವಿಷುವಲ್ ನಾವೆಲ್ ಈಗಲೇ ಆಡಬೇಕಾ, ಮುಗಿಯಲಿ ಅಂತ ಕಾಯಬೇಕಾ?

ಆಡಿ. ಆದರೆ ಸಿಕ್ಕಿದ್ದನ್ನೆಲ್ಲಾ ಆಡಬೇಡಿ. ಮತ್ತೆ ಮೊದಲ ದಿನವೇ ದುಡ್ಡು ಕೊಡಬೇಡಿ.

ನೀವು ಕೇಳಿದ್ದು ಇಷ್ಟು: ದೊಡ್ಡವರಿಗೆ ಅಂತ ಮಾಡುವ ವಿಷುವಲ್ ನಾವೆಲ್‌ಗಳು (ಚಿತ್ರ ನೋಡುತ್ತಾ, ಮಾತು ಓದುತ್ತಾ, ನಡುನಡುವೆ ಆಯ್ಕೆ ಮಾಡುತ್ತಾ ಸಾಗುವ ಕಥೆಯಾಟಗಳು) ಬಹುಪಾಲು ಅರ್ಧಂಬರ್ಧ ಇದ್ದಾಗಲೇ ಕೈಗೆ ಸಿಗುತ್ತವೆ, ಆಮೇಲೆ ನಾಲ್ಕಾರು ತಿಂಗಳಿಗೊಮ್ಮೆ ಒಂದೊಂದು ಅಪ್‌ಡೇಟ್ ಬರುತ್ತದೆ. ಹೀಗೆ ಕಂತಿನಲ್ಲಿ ಆಡೋದರಲ್ಲಿ ಏನಾದರೂ ಮಜಾ ಇದೆಯಾ, ಅದಕ್ಕೆ ತಿಂಗಳಾ ತಿಂಗಳಾ ದುಡ್ಡು ಹಾಕೋದು ದಂಡ ಅಲ್ವಾ ಅಂತ. ನಾನು ಆರೇಳು ವರ್ಷದಿಂದ ಇವನ್ನು ಆಡುತ್ತಿದ್ದೇನೆ. ಮನೆಯಲ್ಲಿ ಹೇಳಿಕೊಳ್ಳುವ ಹವ್ಯಾಸ ಅಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. 18 ದಾಟದವರು ಯಾರಾದರೂ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ.

ನಮ್ಮ ದೊಡ್ಡಮ್ಮ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಇಡುತ್ತಿದ್ದರು. ಪ್ರತಿ ವಾರ ಎರಡೋ ಮೂರೋ ಪುಟ. ಕಾದಂಬರಿ ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿ, ದಪ್ಪ ಸೂಜಿಯಲ್ಲಿ ಗೋಣಿ ದಾರ ಪೋಣಿಸಿ ಹೊಲಿದು, ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕುತ್ತಿದ್ದರು. ಅದೇ ಕಾದಂಬರಿ ಆಮೇಲೆ ಪುಸ್ತಕವಾಗಿ ಬಂದರೂ ಅವರಿಗೆ ಬೇಡ. "ಒಂದೇ ಏಟಿಗೆ ಓದಿದ್ರೆ ಆ ಹುಡುಗಿ ನಮ್ಮ ಮನೇಲಿ ಎರಡು ದಿನ ಇದ್ದು ಹೋದ ಹಾಗೆ. ವಾರವಾರ ಓದಿದ್ರೆ ವರ್ಷವಿಡೀ ಇದ್ದ ಹಾಗೆ" ಅನ್ನೋರು. ಮುಗಿಯದ ಆಟ ಯಾಕೆ ಆಡ್ತೀಯ ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗೋದು ಆ ಗೋಣಿ ದಾರ. (ನಾನು ಆಡೋದು ಏನು ಅಂತ ಗೊತ್ತಾದರೆ ದೊಡ್ಡಮ್ಮ ಅದೇ ದಾರದಲ್ಲಿ ನನ್ನನ್ನು ಕಟ್ಟಿಹಾಕುತ್ತಿದ್ದರು, ಅದು ಬೇರೆ ಮಾತು.)

ಈ ಆಟಗಳು ಹೇಗೆ ತಯಾರಾಗುತ್ತವೆ ಅಂತ ಗೊತ್ತಿದ್ದರೆ ತಡ ಆದಾಗ ಸಿಟ್ಟು ಕಡಿಮೆ ಬರುತ್ತದೆ. ಇಂಗ್ಲಿಷಿನಲ್ಲಿ ಬರುವ ಇಂಥ ಆಟಗಳಲ್ಲಿ ತುಂಬಾ ಮಂದಿ ಬಳಸೋದು ರೆನ್‌ಪೈ ಅನ್ನುವ ಎಂಜಿನ್, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್. ಟಾಮ್ ರೋಥಮೆಲ್ ಅನ್ನೋರು 2004ರಲ್ಲಿ ಮೊದಲು ಬಿಟ್ಟಿದ್ದು. ಪ್ರೀತಿಗೆ ಜಪಾನಿ ಭಾಷೆಯಲ್ಲಿ ಇರುವ 'ರೆನಾಯ್' ಅನ್ನುವ ಪದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಸೇರಿಸಿ ಆ ಹೆಸರಾಯಿತು. ಉಚಿತ. ಬರವಣಿಗೆ ಬಂದರೆ ಸಾಕು, ಒಂದು ವಾರದಲ್ಲಿ ಯಾರು ಬೇಕಾದರೂ ಒಂದು ದೃಶ್ಯ ಎಬ್ಬಿಸಬಹುದು. ಕಷ್ಟ ಇರೋದು ಚಿತ್ರಗಳಲ್ಲಿ. ಬಹಳಷ್ಟು ಜನ ಡ್ಯಾಜ್ ಸ್ಟುಡಿಯೋ ಅನ್ನುವ ತ್ರೀಡಿ ಸಾಫ್ಟ್‌ವೇರಿನಲ್ಲಿ ಬೊಂಬೆಗಳನ್ನು ನಿಲ್ಲಿಸಿ, ಕೈಕಾಲು ತಿರುಗಿಸಿ, ಲೈಟ್ ಹಾಕಿ ರೆಂಡರ್ ಮಾಡುತ್ತಾರೆ, ಅಂದರೆ ಕಂಪ್ಯೂಟರಿನಿಂದ ಅದರ ಚಿತ್ರ ತೆಗೆಸುತ್ತಾರೆ. ಒಂದೊಂದು ಚಿತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಹತ್ತಿಪ್ಪತ್ತು ನಿಮಿಷದಿಂದ ಗಂಟೆಗಟ್ಟಲೆ ತಗೋಬಹುದು. ಒಂದು ಅಪ್‌ಡೇಟಿಗೆ ಇಂಥ ನೂರಾರು, ಕೆಲವೊಮ್ಮೆ ಸಾವಿರ ಚಿತ್ರ. ಕಥೆ ಬರೆಯೋದು, ಬೊಂಬೆ ನಿಲ್ಲಿಸೋದು, ಕೋಡ್ ಹಾಕೋದು, ಜನರ ಬೈಗುಳ ಓದೋದು, ಎಲ್ಲಾ ಒಬ್ಬನೇ. ಹಾಗಾಗಿ ನಾಲ್ಕೈದು ತಿಂಗಳು ಅನ್ನೋದು ಸೋಮಾರಿತನ ಅಲ್ಲ.

ಹೊಸಬರು ಮೊದಲು ಬೀಳೋದು ಆವೃತ್ತಿ ಸಂಖ್ಯೆಯ ಗುಂಡಿಗೆ. 0.9 ಅಂತ ನೋಡಿ "ಓ, ತೊಂಬತ್ತು ಭಾಗ ಮುಗಿದಿದೆ" ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. 0.9 ಆದ ಮೇಲೆ ಬಂದಿದ್ದು 0.10. ಅದಾದ ಮೇಲೆ 0.11. ಅದು ಬರೀ ಲೆಕ್ಕ, ಎಷ್ಟನೇ ಕಂತು ಅಂತ ಹೇಳುತ್ತದೆ ಅಷ್ಟೇ. ಎಷ್ಟು ಮುಗಿದಿದೆ ಅಂತ ಗೊತ್ತಾಗಬೇಕಾದರೆ ಮಾಡುವವನು ಒಟ್ಟು ಎಷ್ಟು ಅಧ್ಯಾಯ ಅಂತ ಎಲ್ಲಾದರೂ ಬರೆದಿದ್ದಾನಾ ನೋಡಿ. ಬರೆದಿಲ್ಲ ಅಂದರೆ ಅವನಿಗೂ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ.

ಈಗ ಯಾವುದನ್ನು ಆಡಬೇಕು ಅನ್ನೋದು. ನನ್ನ ಮಟ್ಟಿಗೆ, ಮುಗಿಯದ ಆಟ ಅಂದರೆ ಅಧ್ಯಾಯ ಅಧ್ಯಾಯವಾಗಿ ನೇರ ಸಾಗುವಂಥದ್ದೇ ಆಗಬೇಕು. ಬೀಯಿಂಗ್ ಎ ಡಿಕ್ ಅಂತ ಒಂದಿದೆ, ಕಾಲೇಜು ಸೇರಿದ ಹುಡುಗನ ಕಥೆ. ನಾಲ್ಕು ಎಪಿಸೋಡ್ ಸೇರಿಸಿ ಒಂದು ಸೀಸನ್, ಮತ್ತೆ ನಾಲ್ಕು ಸೇರಿಸಿ ಎರಡನೇ ಸೀಸನ್ ಅಂತ ಕಟ್ಟಿದ್ದಾರೆ. ಮೊದಲ ಸೀಸನ್ 2020ರಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂತು. ನೀವು ಆಯ್ಕೆ ಮಾಡುತ್ತಾ ಹೋದಂತೆ ಹುಡುಗ ಒರಟನೋ ಮೃದುವೋ ಅಂತ ಆಟ ಒಳಗೊಳಗೇ ಲೆಕ್ಕ ಇಡುತ್ತದೆ, ಒಂದು ಹಂತ ಆದ ಮೇಲೆ ಆ ಗುಣಕ್ಕೆ ಒಗ್ಗದ ಆಯ್ಕೆಗಳು ಸಿಗೋದೇ ಇಲ್ಲ. ಇಂಥದ್ದನ್ನು ಕಂತಿನಲ್ಲಿ ಆಡುವುದೇ ಚೆಂದ. ಒಂದು ಎಪಿಸೋಡ್ ಮುಗಿದ ಮೇಲೆ "ಛೆ, ಅವಳಿಗೆ ಸುಳ್ಳು ಹೇಳಬಾರದಿತ್ತು" ಅಂತ ಮೂರು ತಿಂಗಳು ಒದ್ದಾಡಬಹುದು. ಪೂರ್ತಿ ಆಟ ಕೈಯಲ್ಲಿದ್ದರೆ ಆ ಒದ್ದಾಟ ಐದೇ ನಿಮಿಷ. ಮುಂದಿನ ದೃಶ್ಯದಲ್ಲಿ ಉತ್ತರ ಸಿಕ್ಕಿಬಿಡುತ್ತದೆ.

ಸ್ಯಾಂಡ್‌ಬಾಕ್ಸ್ ಅನ್ನುವ ಬಗೆ ಇದೆಯಲ್ಲ, ಊರೆಲ್ಲಾ ಸುತ್ತಿ, ದಿನ ಕಳೆದು, ದುಡ್ಡು ಸಂಪಾದಿಸಿ, ಸೋಮವಾರ ಸಂಜೆ ಇಂಥ ಮನೆಗೆ ಹೋದರೆ ಮಾತ್ರ ಕಥೆ ಮುಂದೆ ಹೋಗುವಂಥದ್ದು, ಅದನ್ನು ಮುಗಿಯುವ ತನಕ ಮುಟ್ಟಬೇಡಿ. ಹೊಸ ಅಪ್‌ಡೇಟಿನಲ್ಲಿ ಬಂದ ಎಂಟು ನಿಮಿಷದ ದೃಶ್ಯ ಹುಡುಕಲು ಒಂದು ಗಂಟೆ ಬಾಗಿಲು ಬಡಿದುಕೊಂಡು ತಿರುಗಬೇಕು. ನಾನು ಒಮ್ಮೆ ಹಾಗೆ ಭಾನುವಾರ ಮಧ್ಯಾಹ್ನ ಪೂರ್ತಿ ಕಳೆದು, ಕೊನೆಗೆ ನೋಡಿದರೆ ಆ ದೃಶ್ಯ ಶುರುವಾಗಲು ಅಡುಗೆಮನೆಯ ಒಂದು ಲೋಟದ ಮೇಲೆ ಕ್ಲಿಕ್ ಮಾಡಬೇಕಿತ್ತು.

ಇನ್ನೊಂದು ಕಾಯಿಲೆ ಇದೆ. ಮೂರ್ನಾಲ್ಕು ವರ್ಷ ಆದ ಮೇಲೆ ಮಾಡುವವನ ಕೈ ಪಳಗಿರುತ್ತದೆ, ಹೊಸ ಗ್ರಾಫಿಕ್ಸ್ ಕಾರ್ಡ್ ಬಂದಿರುತ್ತದೆ. ಹಳೇ ಚಿತ್ರ ನೋಡಿ ಅವನಿಗೇ ನಾಚಿಕೆ. "ಮೊದಲ ಅಧ್ಯಾಯ ಮತ್ತೆ ಮಾಡ್ತೀನಿ" ಅಂತ ಘೋಷಣೆ ಆಗುತ್ತದೆ. ಅಲ್ಲಿಗೆ ಮುಗಿಯಿತು ಅಂತಲೇ ತಿಳಿಯಿರಿ. ಮನೆಗೆ ತಾರಸಿ ಹಾಕುವ ಮೊದಲು ಪಾಯ ಅಗೆದು ಮತ್ತೆ ಕಟ್ಟಿದ ಹಾಗೆ. ನಾನು ತುಂಬಾ ಹಚ್ಚಿಕೊಂಡಿದ್ದ ಒಂದು ಆಟ ಹೀಗೇ ನಿಂತಿತು. ಹೆಸರು ಬೇಡ. ಸಮುದ್ರದ ಪಕ್ಕದ ಒಂದು ಸಣ್ಣ ಹೋಟೆಲ್, ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುವ ಹೆಂಗಸು, ಸಾಲ ವಸೂಲಿಗೆ ಬಂದು ಅಲ್ಲೇ ಉಳಿದುಹೋದ ಗಂಡಸು. ಕೊನೆಯ ಅಪ್‌ಡೇಟಿನಲ್ಲಿ ಅವಳು ಮಳೆಯಲ್ಲಿ ಬಾಗಿಲಿಗೆ ಬಂದು "ಒಂದು ವಿಷಯ ಹೇಳಬೇಕು" ಅಂತಾಳೆ. ಅಷ್ಟೇ. ಅದಾದ ಮೇಲೆ ರೀಮೇಕ್, ರೀಮೇಕ್ ಆದ ಮೇಲೆ ಮೌನ. ಅವಳು ಏನು ಹೇಳಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೇಜಾರಿದೆ, ಆದರೆ ಆಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ.

ಅಂದ ಹಾಗೆ, ಆ ಆಟದಲ್ಲಿ ಅಡಲ್ಟ್ ದೃಶ್ಯ ಇದ್ದದ್ದು ಎರಡೇ. ಎರಡನ್ನೂ ನಾನು ಒಂದೇ ಸಲ ನೋಡಿದ್ದು. ಆದರೆ ಅಡುಗೆಮನೆಯಲ್ಲಿ ಅವರಿಬ್ಬರೂ ಈರುಳ್ಳಿ ಹೆಚ್ಚುತ್ತಾ ಮಾತಾಡುವ ದೃಶ್ಯವನ್ನು ಎಷ್ಟು ಸಲ ಓದಿದ್ದೇನೋ. ಬರೀ 'ಅದಕ್ಕಾಗಿ' ಆಡ್ತಾರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಸುಮ್ನೆ ಅದೇ ಬೇಕು ಅಂದರೆ ಇಂಟರ್ನೆಟ್ಟಿನಲ್ಲಿ ಬೇರೆ ದಾರಿಗೆ ಬರವೇ? ಆರು ತಿಂಗಳು ಕಾದು, ಒಂದೂವರೆ ಜಿಬಿ ಇಳಿಸಿಕೊಂಡು, ಎರಡು ಗಂಟೆ ಓದಬೇಕಾ? ದೃಶ್ಯ ಇಲ್ಲದಿದ್ದರೆ ನಾನು ಆಡುತ್ತಿರಲಿಲ್ಲ ಅಂತಲೂ ಹೇಳಲಾರೆ, ಅದು ಸುಳ್ಳಾಗುತ್ತದೆ. ಇಬ್ಬರು ಹತ್ತಿರ ಆಗ್ತಾರೆ, ಕ್ಯಾಮೆರಾ ಕಿಟಕಿಯ ಕಡೆ ತಿರುಗುವುದಿಲ್ಲ ಅನ್ನುವ ಭರವಸೆ ಇದ್ದಾಗ ಮಾತಿಗೆ ಒಂದು ತೂಕ ಬರುತ್ತದೆ.

ಸೇವ್ ಬಗ್ಗೆ ಎಚ್ಚರ. ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ದೀಪಾವಳಿಗೆ ಊರಿಗೆ ಹೊರಟಿದ್ದೆ. ಅಕ್ಕನ ಮಕ್ಕಳು ಬಂದ ತಕ್ಷಣ ನನ್ನ ಫೋನ್ ಕಿತ್ತುಕೊಳ್ಳುತ್ತವೆ ಅಂತ ಗೊತ್ತು. ಬಸ್ಸಿನಲ್ಲೇ ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ವಾಪಸ್ ಬಂದು ಹಾಕಿಕೊಂಡರಾಯಿತು ಅಂತ. ವಾಪಸ್ ಬಂದು ಹಾಕಿದರೆ ಎಂಟು ತಿಂಗಳ ಸೇವ್ ಒಂದೂ ಇಲ್ಲ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆಗೆದರೆ ಅದರ ಫೋಲ್ಡರ್ ಕೂಡ ಹೋಗುತ್ತದೆ, ಸೇವ್ ಇರೋದು ಅಲ್ಲೇ. ಅದಕ್ಕೇ ಕಂಪ್ಯೂಟರಿನಲ್ಲಿ ಆಡಿ. ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ರೆನ್‌ಪೈ ಅಂತ ಫೋಲ್ಡರ್ ಇರುತ್ತದೆ. ಹೊಸ ಅಪ್‌ಡೇಟ್ ಹಾಕುವ ಮುಂಚೆ ಅದನ್ನು ಬೇರೆ ಕಡೆ ಕಾಪಿ ಮಾಡಿ ಇಟ್ಟುಬಿಡಿ. ಆಟೋಸೇವ್ ನಂಬಬೇಡಿ. ಸಾಮಾನ್ಯವಾಗಿ ಹತ್ತೇ ಜಾಗ, ಹನ್ನೊಂದನೆಯದು ಬಂದರೆ ಹಳೆಯದು ಹೋಯಿತು. "ಈ ಕಂತು ಇಲ್ಲಿಗೆ ಮುಗಿಯಿತು, ಸೇವ್ ಮಾಡಿಕೊಳ್ಳಿ" ಅಂತ ಪರದೆ ಬಂದಾಗ ಅವಸರದಲ್ಲಿ ಕ್ಲಿಕ್ ಮಾಡಿ ದಾಟಬೇಡಿ. ಮುಖ್ಯ ಆಯ್ಕೆಗಳ ಮುಂದೆಯೂ ಒಂದೊಂದು ಸೇವ್ ಇರಲಿ, ಮಾಡುವವನು ಹಿಂದಿನ ಸ್ಕ್ರಿಪ್ಟ್ ತಿದ್ದಿದ್ದರೆ ಕೊನೆಯ ಸೇವ್ ಕೆಲಸ ಮಾಡದೇ ಇರಬಹುದು. ಮೊದಲಿಂದ ಆಡಬೇಕಾಗಿ ಬಂದರೆ ಕಂಟ್ರೋಲ್ ಕೀ ಒತ್ತಿ ಹಿಡಿದರೆ ಮಾತುಗಳು ಸರಸರ ಓಡುತ್ತವೆ. ಆದರೂ ಎಂಟು ತಿಂಗಳ ಹಿಂದೆ ಯಾರಿಗೆ ಏನು ಮಾತು ಕೊಟ್ಟಿದ್ದೆ ಅಂತ ನೆನಪಿರಬೇಕಲ್ಲ.

ದುಡ್ಡಿನ ವಿಷಯ. ಪೇಟ್ರಿಯಾನ್ ಥರದ ತಾಣಗಳಲ್ಲಿ ತಿಂಗಳಿಗೆ ಇಷ್ಟು ಡಾಲರ್ ಅಂತ ಕೊಟ್ಟರೆ ಅಪ್‌ಡೇಟ್ ಮುಂಚೆ ಸಿಗುತ್ತದೆ, ಕೊಡದವರಿಗೆ ಸ್ವಲ್ಪ ದಿನ ಆದ ಮೇಲೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ತಿಂಗಳಾ ತಿಂಗಳಾ ತಾನೇ ಕಟ್ ಆಗುವ ಕಾರ್ಡ್ ಪಾವತಿಗಳಿಗೆ ಹೊಸ ನಿಯಮ ತಂದಾಗ ನನ್ನ ಅಂಥ ಪಾವತಿಗಳೆಲ್ಲಾ ನಿಂತುಹೋದವು. ಮೊದಲು ಗೊಣಗಿದೆ. ಆಮೇಲೆ ಲೆಕ್ಕ ಹಾಕಿದರೆ, ಒಂದು ವರ್ಷ ಏನೂ ಮಾಡದೆ "ಮುಂದಿನ ತಿಂಗಳು ಖಂಡಿತ" ಅಂತ ಬರೆಯುತ್ತಿದ್ದವನಿಗೂ ನನ್ನ ದುಡ್ಡು ಹೋಗುತ್ತಿತ್ತು. ಈಗ ಅಪ್‌ಡೇಟ್ ಬಂದ ತಿಂಗಳು ಮಾತ್ರ ಸೇರುತ್ತೇನೆ, ಆಡುತ್ತೇನೆ, ಬಿಡುತ್ತೇನೆ. ಹೊಸ ಆಟಕ್ಕೆ ಒಂದು ಪೈಸೆ ಇಲ್ಲ. ಮೂರು ಅಪ್‌ಡೇಟ್ ಹೇಳಿದ ಸಮಯಕ್ಕೆ ಹತ್ತಿರ ಹತ್ತಿರ ಬಂದ ಮೇಲೆ ಯೋಚನೆ.

ಇಳಿಸಿಕೊಂಡದ್ದನ್ನು ಜೋಪಾನವಾಗಿ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಏನಾಯಿತು ನೋಡಿದಿರಲ್ಲ? ಆಸ್ಟ್ರೇಲಿಯಾದ ಒಂದು ಸಂಘಟನೆ ಅಭಿಯಾನ ಮಾಡಿತು, ಕಾರ್ಡ್ ಪಾವತಿ ಕಂಪನಿಗಳ ಒತ್ತಡ ಬಂತು. ಸ್ಟೀಮ್‌ನಿಂದ ಒಂದಷ್ಟು ಅಡಲ್ಟ್ ಆಟಗಳು ಹೋದವು. ಅದೇ ತಿಂಗಳು, ಆಟಗಳನ್ನು ಹಂಚುವ, ಮಾರುವ ಇಚ್ ಡಾಟ್ ಐಓ ತಾಣದಲ್ಲಿ ಅಡಲ್ಟ್ ಆಟಗಳೆಲ್ಲಾ ಹುಡುಕಿದರೆ ಸಿಗದ ಹಾಗಾದವು. ಆಮೇಲೆ ಅವುಗಳಲ್ಲಿ ಉಚಿತವಾಗಿ ಸಿಗುವ ಆಟಗಳು ವಾಪಸ್ ಕಾಣಿಸತೊಡಗಿದವು. ಕೆಟ್ಟದ್ದನ್ನು ತೆಗೆಯಬೇಡಿ ಅಂತ ನಾನು ಹೇಳಲ್ಲ, ತೆಗೆಯಲೇಬೇಕಾದಂಥವೂ ಅಲ್ಲಿದ್ದವು. ಆದರೆ ಏನು ಬರೆಯಬಹುದು ಅಂತ ಕಾರ್ಡ್ ಕಂಪನಿ ನಿರ್ಧರಿಸೋದು ನನಗೆ ಹಿಡಿಸಲ್ಲ. ಹಾಗೇ, ಇಳಿಸಿಕೊಂಡದ್ದನ್ನು ವಾಟ್ಸಾಪ್ ಗುಂಪಿಗೆ ಹಾಕೋ ಕೆಲಸ ಮಾಡಬೇಡಿ. ನಮ್ಮಲ್ಲಿ ಐಟಿ ಕಾಯ್ದೆಯ 67ನೇ ಕಲಂ ಇರೋದೇ ಅಶ್ಲೀಲ ಅನ್ನಿಸುವಂಥದ್ದನ್ನು ಪ್ರಕಟಿಸುವ, ಕಳಿಸುವವರ ಮೇಲೆ.

ಕನ್ನಡದಲ್ಲಿ ಇಂಥದ್ದು ಯಾಕಿಲ್ಲ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಹೋದ ವರ್ಷ ನಾನೇ ಒಂದು ಕೈ ನೋಡಿದೆ. ರೆನ್‌ಪೈ ಹಳೇ ಆವೃತ್ತಿಯಲ್ಲಿ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ಹೊಸದರಲ್ಲಿ ಸರಿಯಾದ ಫಾಂಟ್ ಕೊಟ್ಟರೆ ಚೆನ್ನಾಗಿಯೇ ಕೂರುತ್ತದೆ. ತೊಡಕಾಗಿದ್ದು ಬೇರೆ ಕಡೆ. ಆಫೀಸಿನಲ್ಲಿ ಪರಿಚಯವಾದ ಇಬ್ಬರು, ಮೂವತ್ತು ದಾಟಿದವರು, ಮೊದಲು 'ನೀವು' ಅಂತಲೇ ಮಾತಾಡೋದು. ಯಾವ ಸಾಲಿನಲ್ಲಿ 'ನೀನು' ಅನ್ನಬೇಕು? ಇಂಗ್ಲಿಷಿನಲ್ಲಿ ಬರೆಯುವವನಿಗೆ ಈ ತಲೆನೋವೇ ಇಲ್ಲ, ಮೊದಲ ದಿನದಿಂದ ಕೊನೆಯ ದಿನದ ತನಕ ಒಂದೇ ಪದ. ನಮ್ಮಲ್ಲಿ ಮುತ್ತಿಗಿಂತ ದೊಡ್ಡ ಘಟನೆ ಅದೇ. ಅದನ್ನೇ ಒಂದು ಆಯ್ಕೆಯಾಗಿ ಇಟ್ಟೆ: ಮೇಲೆ "ನೀವು ಹೊರಟ್ರಾ?", ಕೆಳಗೆ "ನೀನು ಹೊರಟ್ಯಾ?". ಕೆಳಗಿನದನ್ನು ಒತ್ತಿದರೆ ಅವಳು ಏನನ್ನಬೇಕು ಅನ್ನೋದಕ್ಕೆ ಹನ್ನೊಂದು ಸಲ ಬರೆದು ಅಳಿಸಿದೆ. ಫೋಲ್ಡರಿನ ಹೆಸರು ಇನ್ನೂ 0.1. ಅವನು ಇನ್ನೂ ಲಿಫ್ಟ್ ಮುಂದೆ ನಿಂತುಕೊಂಡು 'ನೀವು' ಅಂತಲೇ ಮಾತಾಡುತ್ತಿದ್ದಾನೆ.