1966ರ ಮಸ್ಟಾಂಗ್‌ಗೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಬಹುದೇ?

ನೀವು ಕೇಳಿರುವುದು: 1966ರ ಫೋರ್ಡ್ ಮಸ್ಟಾಂಗ್, 289 ವಿ8 ಇಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪವರ್ ಬ್ರೇಕ್ ಇಲ್ಲ. ಮಿಷಿಗನ್‌ನ ಗ್ಯಾರೇಜಿನಲ್ಲಿ ಕೆಲವು ವರ್ಷ ನಿಂತು ಈಗ ಪೆಡಲ್ ನೆಲಕ್ಕೆ ಹೋಗುತ್ತಿದೆ. ಹೇಗೂ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಬದಲಿಸಬೇಕು, ಎರಡು ಕೋಣೆಯದನ್ನೇ ಹಾಕಲೇ, ಇಲ್ಲ ನೇರವಾಗಿ ಡಿಸ್ಕ್ ಬ್ರೇಕಿಗೇ ಹೋಗಲೇ?

ಎರಡು ಕೋಣೆಯದನ್ನು ಹಾಕಿ. ಡಿಸ್ಕ್ ವಿಚಾರ ಆಮೇಲೆ. ನಿಮ್ಮ ಕಾರಿನಲ್ಲಿ ಈಗಿರುವುದು ಒಂದೇ ಕೋಣೆ, ಒಂದೇ ದಾರಿ. ಯಾವುದೋ ಒಂದು ಚಕ್ರದ ಹೋಸ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಕ್ಯಾಡಿಲಾಕ್ 1962ರಲ್ಲೇ ಎರಡು ದಾರಿ ಮಾಡಿತ್ತು, ಮಸ್ಟಾಂಗ್‌ಗೆ ಅದು ಬಂದದ್ದು 1967ರ ಮಾಡೆಲ್‌ನಲ್ಲಿ. 1968ರ ಜನವರಿ 1ರಿಂದ ಅಮೆರಿಕದಲ್ಲಿ ಅದು ಕಡ್ಡಾಯವೇ ಆಯಿತು. ಒಂದೇ ವರ್ಷದ ಅಂತರದಲ್ಲಿ ನಿಮ್ಮ ಕಾರಿಗೆ ತಪ್ಪಿಹೋಗಿದೆ.

ಕೇಳಬೇಕಾದ ಪಾರ್ಟು 1967ರ ಮಸ್ಟಾಂಗ್‌ನ ಡ್ರಮ್-ಡ್ರಮ್, ಪವರ್ ಇಲ್ಲದ ಮಾಸ್ಟರ್ ಸಿಲಿಂಡರ್. ಬೋರ್ (ಒಳಗಿನ ವ್ಯಾಸ) 1 ಇಂಚು. ಹಳೆಯದು ಕೂತಿದ್ದ ಎರಡು ಬೋಲ್ಟಿನ ಜಾಗದಲ್ಲೇ ಇದೂ ಕೂರುತ್ತದೆ. ಆರ್ಡರ್ ಮಾಡುವ ಮುನ್ನ ಚಾಸಿ ನಂಬರಿನ ಐದನೇ ಅಕ್ಷರ ನೋಡಿ: ಸಿ, ಎ ಅಥವಾ ಕೆ ಇದ್ದರೆ 289, ಟಿ ಇದ್ದರೆ ಹುಟ್ಟುವಾಗ ಅದು ಆರು ಸಿಲಿಂಡರಿನ ಕಾರು, ಯಾರೋ ಆಮೇಲೆ ವಿ8 ಕೂರಿಸಿದ್ದಾರೆ. ಇಂಥ ಕಾರುಗಳು ಕಡಿಮೆಯೇನಿಲ್ಲ. ಚಕ್ರಕ್ಕೆ ನಾಲ್ಕೇ ನಟ್ಟಿದ್ದರೆ ಬ್ರೇಕೂ ಆರು ಸಿಲಿಂಡರಿನದೇ, ಡ್ರಮ್ 9 ಇಂಚು. ವಿ8ನದು ಐದು ನಟ್ಟು, 10 ಇಂಚು. ಶೂ (ಡ್ರಮ್ಮಿನ ಒಳಮೈಗೆ ಒತ್ತುವ ಕಮಾನು), ವೀಲ್ ಸಿಲಿಂಡರ್ (ಚಕ್ರದಲ್ಲಿ ಶೂವನ್ನು ತಳ್ಳುವ ಭಾಗ) ತರಿಸುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಈಗ ಪೈಪು. ಮಾಸ್ಟರಿನಿಂದ ಹೊರಟ ಪೈಪು ಒಂದು ಹಿತ್ತಾಳೆ ಬ್ಲಾಕಿಗೆ ಬಂದು ಅಲ್ಲಿಂದ ಮೂರಾಗಿ ಒಡೆಯುತ್ತದೆ: ಮುಂದಿನ ಎಡ, ಮುಂದಿನ ಬಲ, ಹಿಂದಕ್ಕೆ ಒಂದು. ಹಿಂದಕ್ಕೆ ಹೋಗುವುದನ್ನು ಬ್ಲಾಕಿನಿಂದ ಬಿಚ್ಚಿ, ಆ ತೂತಿಗೆ ಅದೇ ಥ್ರೆಡ್ಡಿನ ಪ್ಲಗ್ ಹಾಕಿ, ಆ ಪೈಪನ್ನು ಹೊಸ ಮಾಸ್ಟರಿನ ಒಂದು ಬಾಯಿಗೆ ನೇರ ಕೊಡಿ. ಇನ್ನೊಂದು ಬಾಯಿಯಿಂದ ಬ್ಲಾಕಿಗೆ. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಸುರಿಯುವ ಉಪ್ಪು ಹಳೆಯ ಉಕ್ಕಿನ ಪೈಪನ್ನು ಹೊರಗಿನಿಂದ ತಿಂದಿರುತ್ತದೆ, ಆದ್ದರಿಂದ ಹಿಂದಿನ ಉದ್ದ ಪೈಪನ್ನು ಬೆರಳಿನಿಂದ ಸವರಿ ನೋಡಿ. ಹೊಪ್ಪಳೆ ಎದ್ದಿದ್ದರೆ ಪೂರ್ತಿ ಬದಲಿಸಿ. 3/16 ಇಂಚಿನ ನಿಕಲ್-ಕಾಪರ್ ಪೈಪು ತನ್ನಿ, ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರದ ಪೈಪು ಬೇಡ. ತುದಿಗೆ 45 ಡಿಗ್ರಿಯ ಡಬಲ್ ಫ್ಲೇರ್ (ಪೈಪಿನ ತುದಿಯನ್ನು ಎರಡು ಪದರವಾಗಿ ಮಡಚಿ ಅಗಲಿಸುವುದು) ಆಗಲೇಬೇಕು. ನಟ್ಟನ್ನು ಪೈಪಿಗೆ ತೂರಿಸದೆ ಫ್ಲೇರ್ ಮಾಡಿ ತಲೆ ಚಚ್ಚಿಕೊಳ್ಳದವರು ಕಡಿಮೆ. ಸ್ಪ್ಯಾನರು ಇಂಚಿನದೇ ಬೇಕು: 3/8 ನಟ್ಟಿಗೆ 10 ಎಂಎಂ ಹಾಕಿದರೆ ಅರ್ಧ ಮಿಲಿಮೀಟರ್ ಸಡಿಲ, ಮೊದಲ ತಿರುವಿಗೇ ಮೂಲೆ ಸವೆಯುತ್ತದೆ.

ಹೊಸ ಮಾಸ್ಟರನ್ನು ಕಾರಿಗೆ ಕಟ್ಟುವ ಮೊದಲು ವೈಸಿನಲ್ಲಿ ಮಟ್ಟವಾಗಿ ಹಿಡಿದು ಗಾಳಿ ತೆಗೆಯಿರಿ. ಎರಡು ಬಾಯಿಗೂ ಸಣ್ಣ ಟ್ಯೂಬ್ ಹಾಕಿ ತುದಿಯನ್ನು ಅದರದರ ಕೋಣೆಯ ಬ್ರೇಕ್ ಆಯಿಲ್‌ನೊಳಗೆ ಮುಳುಗಿಸಿ, ಸ್ಕ್ರೂಡ್ರೈವರಿನಿಂದ ಪಿಸ್ಟನ್ನನ್ನು ನಿಧಾನ ಒತ್ತಿ ಬಿಡಿ. ಗುಳ್ಳೆ ನಿಲ್ಲುವ ತನಕ. ಇದನ್ನು ಬಿಟ್ಟವರು ಕಾರಿನ ಮೇಲೆ ಎರಡು ಡಬ್ಬಿ ಆಯಿಲ್ ಖಾಲಿ ಮಾಡಿದರೂ ಪೆಡಲ್ ಮೆತ್ತಗೇ ಇರುತ್ತದೆ.

ನಿಜವಾದ ತೊಂದರೆ ಬರುವುದು ಪೆಡಲಿನಿಂದ ಮಾಸ್ಟರಿನ ಪಿಸ್ಟನ್ನನ್ನು ತಳ್ಳುವ ಕಡ್ಡಿಯಲ್ಲಿ. ಹಳೆಯದನ್ನು ಬಿಚ್ಚುವ ಮೊದಲು, ಮಾಸ್ಟರ್ ಇಂಜಿನ್ ಕೋಣೆಯ ಹಿಂದಿನ ಗೋಡೆಗೆ ತಾಗುವ ಮುಖದಿಂದ ಕಡ್ಡಿಯ ತೂತಿನ ನಡುವಿನವರೆಗೆ ಅಳತೆ ಬರೆದಿಟ್ಟುಕೊಳ್ಳಿ. ಪೆಡಲ್ ಪಿನ್ನಿನ ಮೇಲಿನ ವಾಷರ್, ಬುಷ್, ಸ್ಟಾಪ್‌ಲೈಟ್ ಸ್ವಿಚ್ಚಿನ ಕ್ರಮವನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ಹೊಸ ಕಡ್ಡಿ ಕೂತ ಮೇಲೆ, ಪೆಡಲ್ ಬಿಟ್ಟಾಗ ಕಡ್ಡಿಗೂ ಪಿಸ್ಟನ್ನಿಗೂ ನಡುವೆ 1/16 ಇಂಚಿನಷ್ಟಾದರೂ ಆಟ ಇರಬೇಕು. ಮಾಸ್ಟರಿನ ಕೋಣೆಯ ತಳದಲ್ಲಿ ಸೂಜಿ ತೂತಿನಷ್ಟು ಸಣ್ಣ ದಾರಿಯಿದೆ. ಬಿಸಿಗೆ ಹಿಗ್ಗಿದ ಆಯಿಲ್ ಅದರಿಂದಲೇ ಮೇಲೆ ಬರಬೇಕು. ಕಡ್ಡಿ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಅದರ ರಬ್ಬರು ಆ ತೂತನ್ನು ಮುಚ್ಚಿಕೊಂಡೇ ಕೂರುತ್ತದೆ. ಹತ್ತು ನಿಮಿಷ ಓಡಿಸುವಷ್ಟರಲ್ಲಿ ಡ್ರಮ್ ಕಾದು, ಆಯಿಲ್ ಹಿಗ್ಗಿ, ಕಾರು ತಾನೇ ಬ್ರೇಕ್ ಹಿಡಿದು ನಿಲ್ಲುತ್ತದೆ. ತಣ್ಣಗಾದ ಮೇಲೆ ಏನೂ ಆಗದಂತೆ ಓಡುತ್ತದೆ, ಮೆಕ್ಯಾನಿಕ್‌ಗೆ ತೋರಿಸಿದರೆ ಸರಿಯಾಗೇ ಇದೆ ಅನ್ನುತ್ತಾನೆ. ಪರೀಕ್ಷೆ ಸುಲಭ: ಮಾಸ್ಟರಿನ ಮುಚ್ಚಳ ತೆಗೆದಿಟ್ಟು ಒಬ್ಬರು ಪೆಡಲನ್ನು ಮೆಲ್ಲಗೆ ಒತ್ತಲಿ. ಒತ್ತಲು ಶುರುಮಾಡಿದ ಕ್ಷಣ ಆಯಿಲ್‌ನ ಮೇಲೆ ಸಣ್ಣ ಬುಗ್ಗೆ ಎದ್ದರೆ ತೂತು ತೆರೆದಿದೆ. ಮುಖ ಹತ್ತಿರ ಒಯ್ಯಬೇಡಿ, ಕೆಲವೊಮ್ಮೆ ಚಿಮ್ಮುತ್ತದೆ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಆದರೂ ಚಕ್ರ ಹಿಡಿದುಕೊಂಡರೆ, ಹಿಡಿದಿರುವಾಗಲೇ ಮಾಸ್ಟರ್ ಬಳಿಯ ಪೈಪಿನ ನಟ್ಟು ಸಡಿಲಿಸಿ. ಚಕ್ರ ಬಿಟ್ಟರೆ ತಪ್ಪು ಮಾಸ್ಟರಿನದು ಅಥವಾ ಕಡ್ಡಿಯದು. ಬಿಡದಿದ್ದರೆ ಆ ಚಕ್ರದ ಬ್ಲೀಡರ್ (ಗಾಳಿ ತೆಗೆಯುವ ಸ್ಕ್ರೂ) ತೆರೆಯಿರಿ. ಈಗ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ, ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಆಗಲೂ ಬಿಡದಿದ್ದರೆ ಶೂ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಕೊಂಡಿದೆ. ಇಷ್ಟು ವರ್ಷ ನಿಂತ ಕಾರಿಗೆ ಮೂರೂ ಹೋಸ್ (ಮುಂದೆ ಎರಡು, ಹಿಂದೆ ಆಕ್ಸೆಲ್ ಮೇಲೊಂದು) ಕೇಳದೆ ಬದಲಿಸಿ.

ಡ್ರಮ್ ಬಿಚ್ಚಿದಾಗ ಧೂಳನ್ನು ಏರ್ ಹೊಡೆದು ಊದಬೇಡಿ, ಶೂ ಮೇಲಿನ ಹಳೆಯ ಲೈನಿಂಗ್‌ನಲ್ಲಿ (ಉಜ್ಜುವ ಪದರದಲ್ಲಿ) ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಮಾಡಿ ಒರೆಸಿ. ಒಂದು ಬದಿ ಬಿಚ್ಚಿ ಮುಗಿಸಿ ಆಮೇಲೆ ಇನ್ನೊಂದು. ಲೈನಿಂಗ್ ಗಿಡ್ಡ ಇರುವ ಶೂ ಕಾರಿನ ಮುಂಭಾಗದ ಕಡೆಗೆ. ಶೂ-ಡ್ರಮ್ ಅಂತರ ಸರಿಮಾಡುವ ನಕ್ಷತ್ರ ಚಕ್ರದ ಅಡ್ಜಸ್ಟರು ಎಡಕ್ಕೆ ಬೇರೆ, ಬಲಕ್ಕೆ ಬೇರೆ, ಥ್ರೆಡ್ಡು ಉಲ್ಟಾ. ಅದಲುಬದಲಾದರೆ ರಿವರ್ಸಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಬಿಗಿಯಾಗುವ ಬದಲು ಸಡಿಲವಾಗುತ್ತದೆ. ಶೂ ಡ್ರಮ್ಮಿಗೆ ಲಘುವಾಗಿ ಉಜ್ಜುವ ಶಬ್ದ ಬರುವಷ್ಟು ಅಡ್ಜಸ್ಟ್ ಮಾಡಿದ ಮೇಲೇ ಪೆಡಲಿನ ಎತ್ತರದ ಮಾತು.

ಆಯಿಲ್ ಡಾಟ್ 3 ಸಾಕು, 32 ಔನ್ಸ್ ಡಬ್ಬಿ. ಹೊಸದಾಗಿ ಒಡೆದದ್ದೇ ಆಗಬೇಕು, ಅದು ಗಾಳಿಯ ತೇವ ಹೀರುತ್ತದೆ. ಸಿಲಿಕೋನಿನ ಡಾಟ್ 5 ಅನ್ನು ಇದರೊಂದಿಗೆ ಬೆರೆಸಬೇಡಿ. ಗಾಳಿ ತೆಗೆಯುವ ಕ್ರಮ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ.

ಮುಂದೆ ಡಿಸ್ಕ್ ಹಾಕುವುದಾದರೆ ಈ ಮಾಸ್ಟರನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಡ್ರಮ್ಮಿನ ಪೈಪಿನಲ್ಲಿ 10 ಪಿಎಸ್‌ಐ ಆಸುಪಾಸು ಒತ್ತಡ ಹಿಡಿದಿಡುವ ವಾಲ್ವು ಇದರೊಳಗಿರುತ್ತದೆ, ಡಿಸ್ಕಿಗೆ ಅದು ಸಿಕ್ಕರೆ ಪ್ಯಾಡ್ ಸದಾ ಉಜ್ಜುತ್ತದೆ. ಹಿಂದಿನ ಚಕ್ರಕ್ಕೆ ಒತ್ತಡ ತಗ್ಗಿಸುವ ವಾಲ್ವೂ ಬೇಕಾಗುತ್ತದೆ. ಅದು ಬೇರೆಯೇ ಖರ್ಚು.

ಮೊದಲ ಓಟ ಖಾಲಿ ಪಾರ್ಕಿಂಗ್ ಜಾಗದಲ್ಲಿ, 10 ಮೈಲಿ ವೇಗದಲ್ಲಿ. ಆಮೇಲೆ ಒಂದು ಸುತ್ತು ಹೋಗಿಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಆ ಚಕ್ರದ ಅಡ್ಜಸ್ಟರು ಬಿಗಿಯಾಗಿದೆ, ಒಂದೆರಡು ಹಲ್ಲು ಹಿಂದಕ್ಕೆ ತಿರುಗಿಸಿ.