ಒಂದೇ ಹಾಡನ್ನು ಹಿಡಿದು ಕುಳಿತುಕೊಳ್ಳಿ

"ಹಳೆಯ ಜಾಝ್ ಹಾಡುಗಳನ್ನು ಎಲ್ಲರೂ ಹೊಗಳುತ್ತಾರೆ. ನಾನು ನೂರು ಹಾಡುಗಳ ಪಟ್ಟಿ ಹಾಕಿಕೊಂಡು ಕೇಳಲು ಕುಳಿತೆ, ಇಪ್ಪತ್ತಕ್ಕೇ ಸಾಕಾಯಿತು. ಎಲ್ಲವೂ ಒಂದೇ ತರಹ ಕೇಳಿಸುತ್ತವೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಒಗ್ಗುವುದೇ ಇಲ್ಲವೇ?" ಎಂದು ಕೇಳಿದ್ದೀರಿ.

ಖಂಡಿತ ಒಗ್ಗುತ್ತದೆ. ಆ ಪಟ್ಟಿಯನ್ನು ಬದಿಗಿಡಿ. ಒಂದೇ ಹಾಡನ್ನು ಆರಿಸಿಕೊಂಡು ಅದನ್ನು ನಾಲ್ಕು ಜನರ ಬಾಯಲ್ಲಿ ಕೇಳಿ. ನೂರು ಹಾಡುಗಳನ್ನು ಒಂದೊಂದು ಸಲ ಕೇಳಿದರೆ ಸಿಗದಿರುವುದು, ಒಂದು ಹಾಡನ್ನು ಹತ್ತು ಸಲ ಕೇಳಿದರೆ ಸಿಗುತ್ತದೆ.

ಜಾಝ್‌ನಲ್ಲಿ 'ಸ್ಟ್ಯಾಂಡರ್ಡ್' ಎನ್ನುವ ಹಾಡುಗಳಲ್ಲಿ ಬಹುಪಾಲು 1920ರಿಂದ 1950ರವರೆಗಿನ ಅವಧಿಯಲ್ಲಿ ಅಮೆರಿಕದ ರಂಗಭೂಮಿಗೆ, ಸಿನಿಮಾಕ್ಕೆ, ಮುದ್ರಿತ ಸ್ವರಲಿಪಿಯ ವ್ಯಾಪಾರಕ್ಕೆ ಎಂದು ಬರೆದವು. ನಾಟಕ ನಿಂತುಹೋಯಿತು, ಸಿನಿಮಾ ಮರೆತುಹೋಯಿತು, ಹಾಡು ಮಾತ್ರ ಜನರ ಬಾಯಲ್ಲಿ ಉಳಿಯಿತು. ಕೇಳುವವರಿಗೆ ಅದು ಮೊದಲೇ ಬಾಯಿಪಾಠ. ಹಾಗಾಗಿ ಹಾಡುವವರು ಹಾಡನ್ನು ಪರಿಚಯಿಸಬೇಕಾಗಿರಲಿಲ್ಲ. ಅದರೊಂದಿಗೆ ತಾವೇನು ಮಾಡಬಲ್ಲೆವು ಎಂಬುದನ್ನು ತೋರಿಸಬೇಕಾಗಿತ್ತು. ಸಂಗೀತ ಕಚೇರಿಯಿಂದ ಮನೆಗೆ ನಡೆಯುತ್ತಾ ನಾವು ಏನು ಮಾತಾಡಿಕೊಳ್ಳುತ್ತೇವೆ? ಯಾವ ಕೀರ್ತನೆ ಎಂಬುದನ್ನು ಒಂದು ಮಾತಿನಲ್ಲಿ ಮುಗಿಸಿ, ಈ ಸಲ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ಎಲ್ಲಿ ಹಿಡಿದರು, ಹೇಗೆ ಬೆಳೆಸಿದರು ಎಂಬುದನ್ನು ದಾರಿಯುದ್ದಕ್ಕೂ ಮಾತಾಡುತ್ತೇವೆ. ಈ ಹಾಡುಗಳನ್ನೂ ಹಾಗೆಯೇ ಕೇಳಬೇಕು.

ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಒಂಬತ್ತು ವರ್ಷ ಹಾಡುಗಾರಿಕೆ ಕಲಿತವಳು. ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳು ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಒಂದು ಕ್ಯಾಸೆಟ್ ಕೊಟ್ಟಳು. ಕೇಳಿದೆ. ಸಾಲಿನ ಮೊದಲ ಪದ ಬರಬೇಕಾದ ಜಾಗದಲ್ಲಿ ಬರುವುದಿಲ್ಲ, ವಾದ್ಯಗಳು ಮುಂದೆ ಹೋಗಿರುತ್ತವೆ, ಈಕೆ ಹಿಂದಿನಿಂದ ಬರುತ್ತಾರೆ. ತಾಳದ ಹಿಡಿತವಿಲ್ಲ ಎಂದುಕೊಂಡು ಕ್ಯಾಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟೆ. ರಜೆಯಲ್ಲಿ ಮೈಸೂರಿಗೆ ಹೋದಾಗ ನನ್ನ ಸಂಗೀತದ ಟೀಚರ್ ಅವರಿಗೆ ಕೇಳಿಸಿದೆ. ಅವರು ಚಾಪೆಯ ಮೇಲೆ ಕುಳಿತು, ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಆದಿತಾಳ ಹಾಕತೊಡಗಿದರು. ಹಾಡು ಮುಗಿಯುವವರೆಗೂ ಕೈ ನಿಲ್ಲಲಿಲ್ಲ. "ತಾಳ ಎಲ್ಲಿ ತಪ್ಪಿದ್ದಾಳೆ? ಗೋಡೆಗೆ ಒರಗಿಕೊಂಡ ಹಾಗೆ ತಾಳಕ್ಕೆ ಒರಗಿಕೊಂಡು ಹಾಡುತ್ತಿದ್ದಾಳೆ. ಇನ್ನೊಂದು ಸಲ ಹಾಕಮ್ಮ" ಎಂದರು. ಅಂದು ಮಧ್ಯಾಹ್ನ ಆ ಹಾಡನ್ನು ಐದು ಸಲ ಕೇಳಿದೆವು.

ಆ ಹಾಡು 'ಆಲ್ ಆಫ್ ಮಿ'. ಜೆರಾಲ್ಡ್ ಮಾರ್ಕ್ಸ್ ಮತ್ತು ಸೀಮೋರ್ ಸೈಮನ್ಸ್ ಇದನ್ನು 1931ರಲ್ಲಿ ಬರೆದರು. ಸಾಹಿತ್ಯ ಸರಳವಾಗಿದೆ: ನನ್ನ ಹೃದಯವನ್ನು ಕೊಂಡೊಯ್ದಿದ್ದೀಯೆ, ಉಳಿದ ನನ್ನನ್ನು ಯಾಕೆ ಬಿಟ್ಟುಹೋದೆ, ಪೂರ್ತಿಯಾಗಿ ತೆಗೆದುಕೊಂಡು ಹೋಗು. ನಿಮಗೂ ಇದನ್ನೇ ಸೂಚಿಸುತ್ತೇನೆ, ಯಾಕೆಂದರೆ ನಮ್ಮ ಕೈಗೆ ಇದರ ಲೆಕ್ಕ ಸಲೀಸಾಗಿ ಸಿಗುತ್ತದೆ. ಹಾಡು ಮೂವತ್ತೆರಡು 'ಬಾರ್'ಗಳದ್ದು, ಒಂದು ಬಾರ್‌ಗೆ ನಾಲ್ಕು ಎಣಿಕೆ. ಎರಡು ಬಾರ್ ಸೇರಿದರೆ ಎಂಟು, ಅಂದರೆ ಆದಿತಾಳದ ಒಂದು ಆವರ್ತ. ಹದಿನಾರು ಆವರ್ತಗಳಿಗೆ ಹಾಡು ಒಂದು ಸುತ್ತು ಮುಗಿಯುತ್ತದೆ. ಎಂಟು ಕಳೆದ ಮೇಲೆ ಮೊದಲ ಸಾಲಿನ ಧಾಟಿ ಮತ್ತೆ ಬರುತ್ತದೆ. ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ ನೋಡಿ.

ಈಗ ಮೊದಲ ಮೂರು ಸ್ವರ. 'ಆಲ್ ಆಫ್ ಮಿ' ಎಂಬ ಮೂರು ಪದಗಳು ತಾರಷಡ್ಜದಿಂದ ಪಂಚಮಕ್ಕೆ, ಅಲ್ಲಿಂದ ಅಂತರ ಗಾಂಧಾರಕ್ಕೆ ಇಳಿಯುತ್ತವೆ. ಮುಂದಿನ ಆವರ್ತದಲ್ಲಿ ಅದೇ ಪದಗಳು ಮತ್ತೆ ಬಂದಾಗ ಕಾಕಲಿ ನಿಷಾದ, ಶುದ್ಧ ಧೈವತ, ಅಂತರ ಗಾಂಧಾರ. ಆ ಶುದ್ಧ ಧೈವತವನ್ನು ಹಾಡಿ ನೋಡಿ. ಅಲ್ಲಿಯವರೆಗೆ ಶಂಕರಾಭರಣ ರಾಗದಂತೆ ಹೋಗುತ್ತಿದ್ದದ್ದು ಸಟ್ಟನೆ ಬೇರೆ ಬಾಗಿಲಿಗೆ ತಿರುಗಿದಂತಾಗುತ್ತದೆ. ಇಲ್ಲಿ ರಾಗ ಬದಲಾಗಲಿಲ್ಲ, ಕೆಳಗಿನ ನೆಲ ಬದಲಾಯಿತು. ನಮ್ಮಲ್ಲಿ ತಂಬೂರಿ ಹಿಡಿದ ಷಡ್ಜ ಕಚೇರಿ ಮುಗಿಯುವವರೆಗೆ ಅಲುಗಾಡುವುದಿಲ್ಲ. ಇಲ್ಲಿ ಪಿಯಾನೊ, ಗಿಟಾರ್, ತಗ್ಗಿನ ದನಿಯ ತಂತಿವಾದ್ಯ ಬಾಸ್ ಸೇರಿ ಸ್ವರಗಳ ಒಂದು ಗೊಂಚಲನ್ನು ಹಾಸುತ್ತವೆ, ಅದಕ್ಕೆ ಕಾರ್ಡ್ ಎನ್ನುತ್ತಾರೆ. ಈ ಹಾಡಿನಲ್ಲಿ ಬಹುಮಟ್ಟಿಗೆ ಆವರ್ತಕ್ಕೊಂದು ಕಾರ್ಡ್ ಬದಲಾಗುತ್ತದೆ. ನಮ್ಮ ಕಿವಿಗೆ ಜಾಝ್ 'ಒಂದೇ ತರಹ' ಕೇಳಿಸುವುದಕ್ಕೆ ಮುಖ್ಯ ಕಾರಣ ಇದು ಎಂದು ನನ್ನ ಅನಿಸಿಕೆ. ನಾವು ಮೇಲಿನ ಧಾಟಿಯೊಂದನ್ನೇ ಹಿಂಬಾಲಿಸುತ್ತೇವೆ, ನೆಲ ಕದಲುವುದನ್ನು ಕೇಳಿಸಿಕೊಳ್ಳುವುದಿಲ್ಲ. ಒಂದು ವಾರ ಬಾಸ್ ವಾದ್ಯವನ್ನು ಮಾತ್ರ ಹಿಡಿದು ಕೇಳಿ, ಆಮೇಲೆ ಹಾಡಿಗೆ ಬನ್ನಿ.

ಈಗ ಈ ಹಾಡನ್ನು ಧ್ವನಿಮುದ್ರಿಸಿದ ನಾಲ್ವರು. ಮೊದಲು 1932ರ ಲೂಯಿ ಆರ್ಮ್‌ಸ್ಟ್ರಾಂಗ್. ತುತ್ತೂರಿಯನ್ನೂ ಅವರೇ ನುಡಿಸುತ್ತಾರೆ, ಹಾಡನ್ನೂ ಅವರೇ ಹಾಡುತ್ತಾರೆ. ಎರಡೂ ಒಂದೇ ಉಸಿರಿನವು. ಕಾಗದದ ಮೇಲಿದ್ದ ಧಾಟಿಯನ್ನು ಪಕ್ಕಕ್ಕೆ ಸರಿಸಿ, ಮಾತಾಡುವ ಹಾಗೆ ಹಾಡಬಹುದು ಎಂದು ಎಲ್ಲರಿಗೂ ತೋರಿಸಿಕೊಟ್ಟವರು ಅವರು. ಹಿರಿಯ ಗಾಯಕಿ ಬೆಸ್ಸಿ ಸ್ಮಿತ್ ಅವರ ದೊಡ್ಡ ದನಿ ಮತ್ತು ಆರ್ಮ್‌ಸ್ಟ್ರಾಂಗ್ ಅವರ ಭಾವ, ಇವೆರಡೂ ತನಗೆ ಬೇಕಾಗಿದ್ದವು ಎಂದು ಬಿಲ್ಲಿ ಹಾಲಿಡೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಎರಡನೆಯದು 1941ರ ಬಿಲ್ಲಿ ಹಾಲಿಡೇ. ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಆಗ ಅವರಿಗೆ ಇಪ್ಪತ್ತೈದು ವರ್ಷ. ದನಿ ಸಣ್ಣದು, ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚಿನ ವ್ಯಾಪ್ತಿ ಅಷ್ಟೇ. 1920ರ ದಶಕದ ನಡುವೆ ಮೈಕ್ರೊಫೋನ್ ಬಳಸಿ ಧ್ವನಿಮುದ್ರಿಸುವ ಪದ್ಧತಿ ಬರದೇ ಇದ್ದಿದ್ದರೆ ಇಂಥ ದನಿ ನಮ್ಮವರೆಗೆ ತಲುಪುತ್ತಲೇ ಇರಲಿಲ್ಲ. ಆ ಸಣ್ಣ ದನಿಯಲ್ಲಿ ಅವರು ಮಾಡುವ ಕೆಲಸ ನೋಡಿ. ಮೇಲೇರಬೇಕಾದ ಧಾಟಿಯನ್ನು ತಗ್ಗಿಸಿಕೊಳ್ಳುತ್ತಾರೆ. ಸಾಲನ್ನು ತಡವಾಗಿ ಎತ್ತುತ್ತಾರೆ, ನಡುವೆ ಒಂದೆರಡು ಪದಗಳನ್ನು ಹತ್ತಿರ ಹತ್ತಿರ ಸರಿಸುತ್ತಾರೆ, ಕೊನೆಯ ಪದವನ್ನು ಬಿಡಲಾರದೆ ಬಿಟ್ಟಂತೆ ಕೆಳಗಿಡುತ್ತಾರೆ. ತಾಳ ಶುರುವಾದ ಮೇಲೆ ಹಾಡನ್ನು ಎತ್ತುವ ನಮ್ಮ ಅನಾಗತ ಎಡುಪು ನೆನಪಾಗಬಹುದು. ಆದರೆ ಅದು ಅರ್ಧ ಎಣಿಕೆ, ಮುಕ್ಕಾಲು ಎಣಿಕೆ ಎಂದು ಲೆಕ್ಕಕ್ಕೆ ಸಿಗುವಂಥದ್ದು. ಇವರ ತಡ ಯಾವ ಅಕ್ಷರಕಾಲಕ್ಕೂ ಸಿಗುವುದಿಲ್ಲ, ಪ್ರತಿ ಸಾಲಿಗೂ ಬೇರೆ. ತಾಳ ಹಾಕುತ್ತಿರುವ ನಿಮ್ಮ ಕೈಯೇ ಅವರಿಗಾಗಿ ಕಾಯತೊಡಗುತ್ತದೆ. ಬೇಡುವವಳು ಅವಸರಪಡದೆ ಬೇಡಿದಾಗ ಆ ಮಾತಿಗೆ ಬೇರೆಯದೇ ತೂಕ ಬರುತ್ತದೆ. ನಡುವೆ ಲೆಸ್ಟರ್ ಯಂಗ್ ಅವರ ಟೆನರ್ ಸ್ಯಾಕ್ಸೊಫೋನ್ ಬರುತ್ತದೆ. ಅದೂ ಅವಸರಪಡುವುದಿಲ್ಲ. ಹಾಲಿಡೇ ಅವರಿಗೆ 'ಲೇಡಿ ಡೇ' ಎಂಬ ಹೆಸರಿಟ್ಟವರು ಯಂಗ್. ಯಂಗ್ ಅವರನ್ನು 'ಪ್ರೆಸ್' (ಪ್ರೆಸಿಡೆಂಟ್ ಎಂಬುದರ ಮೊಟಕು) ಎಂದು ಕರೆದವರು ಹಾಲಿಡೇ. ಇಬ್ಬರೂ ಕಾಲವನ್ನು ಒಂದೇ ರೀತಿಯಲ್ಲಿ ಎಳೆಯುತ್ತಿದ್ದರು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಹಾಲಿಡೇ ಅವರನ್ನು ಕೇಳುವವರು ಬಹಳಷ್ಟು ಜನ ಅವರ ಕಷ್ಟದ ಕಥೆಯನ್ನೇ ಕೇಳುತ್ತಾರೆ. ಕಷ್ಟವಿತ್ತು, ನಿಜ. ಕಪ್ಪು ಜನಾಂಗದವರಾದ ಅವರು 1938ರಲ್ಲಿ ಬಿಳಿಯರ ವಾದ್ಯವೃಂದದಲ್ಲಿ ಹಾಡುತ್ತಿದ್ದಾಗ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅವರನ್ನು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಓಡಾಡುವಂತೆ ಮಾಡಿದ್ದರು. 1959ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತನಾಲ್ಕು ವರ್ಷ. ಆದರೆ ಕಷ್ಟಪಟ್ಟವರೆಲ್ಲ ಹೀಗೆ ಹಾಡಲಿಲ್ಲ. ಆ ತಡ, ಆ ತಗ್ಗಿದ ಸ್ವರ ಸಂಗೀತಗಾರ್ತಿಯೊಬ್ಬರು ತೂಗಿ ನೋಡಿ ಆರಿಸಿಕೊಂಡವು. ಅವರಿಗೆ ಸಲ್ಲಬೇಕಾದ ಗೌರವ ವಿದ್ವತ್ತಿನದು, ಕನಿಕರದ್ದಲ್ಲ.

ಮೂರನೆಯದು ಫ್ರ್ಯಾಂಕ್ ಸಿನಾತ್ರಾ, 1954, ನೆಲ್ಸನ್ ರಿಡಲ್ ಅವರ ವಾದ್ಯವೃಂದದೊಂದಿಗೆ. ಇಲ್ಲಿ ಉಸಿರನ್ನು ಗಮನಿಸಿ. 1940ರಲ್ಲಿ ಟಾಮಿ ಡಾರ್ಸಿ ಅವರ ತಂಡ ಸೇರಿದ ಸಿನಾತ್ರಾ, ಡಾರ್ಸಿ ಟ್ರೊಂಬೋನ್ ನುಡಿಸುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ಹಿಂದಿನಿಂದ ನೋಡುತ್ತಾ ಕಲಿತರು. ಸಾಲು ಮುಗಿಯಿತು ಎಂದು ನಾವು ಅಂದುಕೊಂಡ ಕಡೆ ಉಸಿರು ಎಳೆದುಕೊಳ್ಳದೆ ಮುಂದಿನ ಸಾಲಿಗೆ ದಾಟುತ್ತಾರೆ. ಉಚ್ಚಾರವಂತೂ ಅಚ್ಚುಕಟ್ಟು, ಒಂದು ವ್ಯಂಜನವೂ ಮಸುಕಾಗುವುದಿಲ್ಲ. ಆದರೆ ಈ ಹಾಡಿನಲ್ಲಿ ಅವರು ಬೇಡುತ್ತಿಲ್ಲ, ಬೇಡುವ ಆಟ ಆಡುತ್ತಿದ್ದಾರೆ. ಕೇಳಲು ಬಹಳ ಸೊಗಸು. ನನಗೆ ಮಾತ್ರ ಹೃದಯ ಕಳೆದುಕೊಂಡವನ ದನಿ ಅದರಲ್ಲಿ ಸಿಗಲಿಲ್ಲ. ಅವರ ನೋವಿನ ದನಿ ಬೇಕಿದ್ದರೆ 1955ರ 'ಇನ್ ದ ವೀ ಸ್ಮಾಲ್ ಅವರ್ಸ್' ಆಲ್ಬಂ ಇದೆ.

ನಾಲ್ಕನೆಯವರು ಸಾರಾ ವಾನ್, 1957. ಜೊತೆಗೆ ಮೂರೇ ವಾದ್ಯಗಳು, ವೇಗ ಜೋರು. ಇವರು ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. 1943ರಲ್ಲಿ ಅರ್ಲ್ ಹೈನ್ಸ್ ಅವರ ತಂಡ ಸೇರಿದಾಗ ಹಾಡುವುದರ ಜೊತೆಗೆ ಎರಡನೆಯ ಪಿಯಾನೊದಲ್ಲೂ ಕುಳಿತವರು. ಹಾಗಾಗಿ ನಾನು ಆಗ ಹೇಳಿದ ಕದಲುವ ನೆಲ ಅವರ ಬೆರಳಿಗೆ ಗೊತ್ತು. ಪದಗಳನ್ನು ಬಿಟ್ಟು ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುತ್ತಾ ಹೋಗುವುದಕ್ಕೆ 'ಸ್ಕ್ಯಾಟ್' ಎನ್ನುತ್ತಾರೆ. ಸ್ವರಕಲ್ಪನೆ (ರಾಗದ ಸ್ವರಗಳನ್ನು ಆಶುವಾಗಿ ಹಾಡುವುದು) ಕೇಳಿದವರಿಗೆ ಇದು ಥಟ್ಟನೆ ಹಿಡಿಸುತ್ತದೆ. ಪ್ರತಿ ಕಾರ್ಡ್ ಬದಲಾಗುವ ಹೊಸ್ತಿಲಲ್ಲಿ ಅವರು ಯಾವ ಸ್ವರದ ಮೇಲೆ ಕಾಲಿಡುತ್ತಾರೆ ಎಂದು ಕೇಳಿಸಿಕೊಳ್ಳಿ. ಇಷ್ಟು ಹೊತ್ತಿಗೆ ಹಾಡು ನಿಮಗೂ ಬಾಯಿಪಾಠವಾಗಿರುತ್ತದೆ, ಅದಿಲ್ಲದೆ ಇವರ ಹಾರಾಟದ ಎತ್ತರ ತಿಳಿಯುವುದಿಲ್ಲ.

ಇನ್ನೊಬ್ಬ ಹೆಸರಾಂತ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಅವರನ್ನು ಬಿಟ್ಟೆನೆಂದು ಯಾರೂ ಬೇಸರಿಸಬಾರದು. ಅವರ 1960ರ ಬರ್ಲಿನ್ ಕಚೇರಿಯ 'ಮ್ಯಾಕ್ ದ ನೈಫ್' ಕೇಳಿ. ವೇದಿಕೆಯ ಮೇಲೆ ಸಾಹಿತ್ಯ ಮರೆತುಹೋಗುತ್ತದೆ. ನಿಲ್ಲಿಸುವುದಿಲ್ಲ. ಮರೆತೆ ಎಂಬುದನ್ನೇ ಪದವಾಗಿಸಿ, ಆರ್ಮ್‌ಸ್ಟ್ರಾಂಗ್ ಅವರ ದನಿಯನ್ನು ಅನುಕರಿಸಿ, ತಾಳಕ್ಕೆ ಸರಿಯಾಗಿ ಹಾಡುತ್ತಲೇ ಹೋಗುತ್ತಾರೆ. ಆ ಹಾಡಿಗೆ ಗ್ರ್ಯಾಮಿ ಬಂತು.

ನಿಮ್ಮ ಪ್ರಶ್ನೆಯಲ್ಲಿದ್ದ 'ಕರ್ನಾಟಕ ಸಂಗೀತದ ಕಿವಿ'ಗೆ ಬೆಂಗಳೂರಿನಲ್ಲೇ ಇನ್ನೊಂದು ಉತ್ತರವಿದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಂ ಹೊರತಂದರು. ಅದರಲ್ಲಿ ಹಾಡಿರುವವರು ಆರ್.ಎ. ರಮಾಮಣಿ. ಅದು ಸ್ಟ್ಯಾಂಡರ್ಡ್ ಹಾಡುಗಳ ಸಂಗ್ರಹವಲ್ಲ, ಆದರೂ ಈ ಎರಡು ಕಿವಿಗಳು ಒಂದೇ ಕೋಣೆಯಲ್ಲಿ ಕುಳಿತರೆ ಹೇಗಿರುತ್ತದೆ ಎಂಬುದನ್ನು ಅಲ್ಲಿ ಕೇಳಬಹುದು.

ಇದೆಲ್ಲ ಆದ ಮೇಲೆ, 1957ರ ಡಿಸೆಂಬರ್‌ನಲ್ಲಿ ಸಿಬಿಎಸ್ ವಾಹಿನಿ ಪ್ರಸಾರ ಮಾಡಿದ 'ದ ಸೌಂಡ್ ಆಫ್ ಜಾಝ್' ಕಾರ್ಯಕ್ರಮದ 'ಫೈನ್ ಅಂಡ್ ಮೆಲ್ಲೊ' ನೋಡಿ. ಅದು ಹಾಲಿಡೇ ಅವರದೇ ರಚನೆ, ಹನ್ನೆರಡು ಬಾರ್‌ಗಳ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಒಂದು ಬಗೆ. ಕಲಾವಿದರು ಒಬ್ಬೊಬ್ಬರಾಗಿ ನುಡಿಸುತ್ತಾರೆ. ಲೆಸ್ಟರ್ ಯಂಗ್ ಸರದಿ ಬಂದಾಗ ಅವರು ಕೆಲವೇ ಸ್ವರಗಳನ್ನು, ಅಷ್ಟೇ ನಿಧಾನವಾಗಿ ನುಡಿಸುತ್ತಾರೆ. ಕ್ಯಾಮೆರಾ ಹಾಲಿಡೇ ಅವರ ಮುಖಕ್ಕೆ ತಿರುಗುತ್ತದೆ. ಅವರು ಯಂಗ್ ಅವರನ್ನೇ ನೋಡುತ್ತಾ, ಪ್ರತಿ ಸ್ವರಕ್ಕೂ ಹೌದು ಹೌದು ಎಂಬಂತೆ ಮೆಲ್ಲಗೆ ತಲೆಯಾಡಿಸುತ್ತಾರೆ. 1959ರ ಮಾರ್ಚ್‌ನಲ್ಲಿ ಯಂಗ್ ಹೋದರು, ಅದೇ ಜುಲೈನಲ್ಲಿ ಹಾಲಿಡೇ. 1941ರ ಆ ಮೂರು ನಿಮಿಷದ ಧ್ವನಿಮುದ್ರಣವನ್ನು ಮೊದಲು ಕೇಳಿದ್ದರೆ ಮಾತ್ರ ಆ ತಲೆಯಾಡಿಸುವಿಕೆ ಯಾವುದಕ್ಕೆ ಎಂದು ನಿಮಗೆ ಗೊತ್ತಾಗುತ್ತದೆ. ಹಾಗಾಗಿ ಇಂದು ರಾತ್ರಿ ಅದನ್ನು ಹಾಕಿ, ಕೈ ತೊಡೆಯ ಮೇಲಿರಲಿ.